ಮೊಮ್ಮಗಳ ಎಂ.ಎಸ್ಸಿ. ವ್ಯಾಸಂಗವೂ ನಮ್ಮಣ್ಣನ ಹತ್ತಿಯೂ

2022ನೆಯ ಇಸವಿಯ ಶ್ರಾವಣ ಮಾಸ. ಗದಗ ಸೀಮೆಯಲ್ಲಿರುವ ನಮ್ಮ ಹುಟ್ಟೂರಿನ ಮಠದಲ್ಲಿ ತಿಂಗಳ ಪರ್ಯಂತ ನಮ್ಮ ಪ್ರವಚನ ನಡೆದಿತ್ತು. ಒಂದು ರಾತ್ರಿ ಪ್ರಸಾದವಾದ ಬಳಿಕ ನಮ್ಮ ಅಣ್ಣನ ಮಗನು ನಮ್ಮನ್ನು ಪಡಸಾಲೆಯ ಮೂಲೆಗೆ ಕರೆದು, "ಕಾಕಾ, ನಿಮ್ಮ ಮಾತಂದ್ರ ಆಕಿ ಕೇಳತಾಳ. ಒಂದೀಟು ಬುದ್ಧಿ ಹೇಳ್ರಿ" ಎಂದನು.

ಆಕೆ ಎಂದರೆ ಅವನ ಹಿರಿಯ ಮಗಳು. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷದ ಬಿ.ಎಸ್ಸಿ. (ಕೃಷಿ) ಪದವಿಯನ್ನು ಆಗತಾನೆ ಮುಗಿಸಿದ್ದಳು. ಒಕ್ಕಲುತನದ ಮನೆಯ ಮಕ್ಕಳಿಗೆಂದು ಕಾಯ್ದಿರಿಸಿದ ಸ್ಥಾನದಲ್ಲಿ ಅವಳಿಗೆ ಪ್ರವೇಶ ದೊರಕಿತ್ತು. ಅದಕ್ಕೆಂದು ನಡೆದ ಪ್ರಾಯೋಗಿಕ ಪರೀಕ್ಷೆಯಲ್ಲಿ ಬೀಜಗಳನ್ನೂ ಗೊಬ್ಬರಗಳನ್ನೂ ಗುರುತಿಸುವಾಗ ಮನೆಯ ಹಗೇವು ಕಣ್ಣ ಮುಂದೆ ಬಂದಿತೆಂದು ಆಗ ಹೇಳಿ ನಕ್ಕಿದ್ದಳು. ಈಗ ಮನೆಯವರ ಅಪೇಕ್ಷೆ ಬೇರೆಯಾಗಿತ್ತು. ಎರಡು ಸಂಬಂಧಗಳು ಬಂದು ನಿಂತಿದ್ದವು. ಬ್ಯಾಂಕಿನ ಕೃಷಿ ಅಧಿಕಾರಿಯ ಪರೀಕ್ಷೆಯನ್ನಾದರೂ ಕಟ್ಟಲಿ ಎಂಬುದು ತಂದೆಯ ಮನಸ್ಸು. ಅವಳು ಮಾತ್ರ ಇನ್ನೂ ಎರಡು ವರ್ಷ ಓದುವೆನೆಂದು ಹಟ ಹಿಡಿದಿದ್ದಳು. ಅದೂ ಎಂಥ ವಿಷಯ! ತಳಿಶಾಸ್ತ್ರವಲ್ಲ, ಬೀಜ ವಿಜ್ಞಾನವಲ್ಲ, 'ಕೃಷಿ ವಿಸ್ತರಣಾ ಶಿಕ್ಷಣ'ವಂತೆ. ರೈತನಿಗೆ ಹೊಸ ಸಂಗತಿಯನ್ನು ಹೇಗೆ ತಿಳಿಸಬೇಕು, ಅವನು ಅದನ್ನು ಏಕೆ ಒಪ್ಪುತ್ತಾನೆ, ಏಕೆ ಒಪ್ಪುವುದಿಲ್ಲ ಎಂಬುದರ ಅಧ್ಯಯನ.

ನಾವು ಒಂಬತ್ತನೆಯ ವಯಸ್ಸಿನಲ್ಲಿ ಮಠ ಸೇರಿದವರು. ಅಲ್ಲಿಯ ಪ್ರಸಾದ ನಿಲಯದಲ್ಲಿ ಉಂಡು, ಅಲ್ಲಿಯ ಪಾಠಶಾಲೆಯಲ್ಲಿ ಕೌಮುದಿಯನ್ನೂ ಕಾವ್ಯವನ್ನೂ ವಚನ ಸಾಹಿತ್ಯವನ್ನೂ ಕಲಿತು, ನಲವತ್ತು ವರ್ಷಗಳಿಂದ ಊರೂರು ತಿರುಗಿ ಪ್ರವಚನ ಹೇಳುತ್ತ ಬಂದವರು. ಹೇಳುವುದೇ ನಮ್ಮ ಕಾಯಕ. ಆದ್ದರಿಂದಲೇ ಏನೋ, ಹೇಳುವುದಕ್ಕೂ ಒಂದು ಪದವಿ ಬೇಕೆಂಬ ಮಾತು ನಮಗೆ ಹಾಸ್ಯಾಸ್ಪದವಾಗಿ ತೋರಿತು. ವಿಷಯ ಬಲ್ಲವನಿಗೆ ಮಾತು ತಾನಾಗಿ ಒದಗುತ್ತದೆ, ವಿಷಯವನ್ನೇ ಬಿಟ್ಟು ಹೇಳುವ ಬಗೆಯನ್ನು ಎರಡು ವರ್ಷ ಕಲಿಯುವುದೆಂದರೆ ಹೋಳಿಗೆಯನ್ನು ಬಿಟ್ಟು ಎಲೆಯನ್ನು ತಿಂದಂತೆ ಎಂದು ಮರುದಿನ ಬೆಳಿಗ್ಗೆ ಅವಳಿಗೆ ಹೇಳಿದೆವು. ಉಪಮೆ ಚೆನ್ನಾಗಿ ಬಂದಿತೆಂದು ನಮಗೆ ಒಳಗೊಳಗೇ ಸಂತೋಷವೂ ಆಯಿತು.

ಅವಳು ತಲೆ ತಗ್ಗಿಸಿ ಪೂರ್ತಿ ಕೇಳಿದಳು. ಆಮೇಲೆ, "ಸಣ್ಣಜ್ಜ, ಒಂದು ಮಾತು ಕೇಳಲ್ಯಾ? ನೀವು ನಲವತ್ತು ವರ್ಷ ಪ್ರವಚನ ಹೇಳೀರಿ. ಕೇಳಿದವರೊಳಗ ಎಷ್ಟು ಮಂದಿ ಅದರಂಗ ನಡದಾರ ಅಂತ ಯಾವಾಗರೆ ಎಣಿಸೀರೇನು?" ಎಂದಳು.

ಅದರಲ್ಲಿ ಉದ್ಧಟತನವಿರಲಿಲ್ಲ. ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದ್ದಳು. ಸಭೆಯಲ್ಲಿ ಎಷ್ಟು ಜನ ಕೂಡಿದರು, ಎಷ್ಟು ಜನ ಕೊನೆಯವರೆಗೆ ಕುಳಿತರು ಎಂಬುದನ್ನು ನಾವು ದಿನವೂ ಎಣಿಸಿದ್ದೇವೆ. ಅವಳು ಕೇಳಿದ ಎಣಿಕೆಯನ್ನು ಒಮ್ಮೆಯೂ ಮಾಡಿರಲಿಲ್ಲ. ಆ ಬೆಳಿಗ್ಗೆ ಅಣ್ಣನ ಮಗನಿಗೆ, "ಓದಲಿ ಬಿಡಪ್ಪ" ಎಂದು ಹೇಳಿದೆವು. ಅವಳ ಪಕ್ಷ ವಹಿಸಿ ಹೇಳಿದೆವೆಂದರೆ ಅದು ಪೂರ್ಣ ಸತ್ಯವಾಗದು. ಉತ್ತರ ತೋಚದೆ ಹೇಳಿದೆವು.

ಸಂಬಂಧ ಹುಡುಕುತ್ತ ಬಂದವರು ಎರಡು ವರ್ಷ ಕಾಯಲಿಲ್ಲ. ಅದಕ್ಕಾಗಿ ಅವಳ ತಾಯಿ ಕೆಲವು ದಿನ ನಮ್ಮೊಡನೆಯೂ ಮಾತು ಬಿಟ್ಟಿದ್ದಳು.

ಅವಳಿಗೆ ಈ ವಿಷಯದ ಗೀಳು ಹತ್ತಿದ್ದು ಹೇಗೆಂಬುದನ್ನು ಅನಂತರ ತಿಳಿದುಕೊಂಡೆವು. ಕೃಷಿ ಪದವಿಯ ನಾಲ್ಕನೆಯ ವರ್ಷದಲ್ಲಿ ವಿದ್ಯಾರ್ಥಿಗಳು ಹಳ್ಳಿಯೊಂದರಲ್ಲಿ ರೈತರ ಜೊತೆಗಿದ್ದು ಕೆಲಸ ಕಲಿಯಬೇಕೆಂಬ ಏರ್ಪಾಡಿದೆ. ಅದಕ್ಕೆ ಗ್ರಾಮೀಣ ಕೃಷಿ ಕಾರ್ಯಾನುಭವವೆಂದು ಹೆಸರು. ಆ ದಿನಗಳಲ್ಲಿ ಇವಳು ಒಂದು ವಿಚಿತ್ರವನ್ನು ಕಂಡಳಂತೆ. ಮುಂದಿನ ವರ್ಷಕ್ಕೆಂದು ತೆನೆಯನ್ನು ಆರಿಸಿ, ಬೂದಿ ಬೆರೆಸಿ, ಬೀಜವನ್ನು ಕಾಯ್ದಿಡುವವರು ಮನೆಯ ಹೆಂಗಸರು. ಆದರೆ ಬೀಜದ ಸಭೆಗೆ ಕರೆ ಹೋಗುವುದು ಗಂಡಸರಿಗೆ. ಸಭೆ ಚೆನ್ನಾಗಿ ನಡೆಯುತ್ತದೆ, ಚಹಾ ಆಗುತ್ತದೆ, ವಿಷಯ ಮಾತ್ರ ಹಗೇವಿನ ತನಕ ಬರುವುದಿಲ್ಲ. ಹೀಗೇಕೆ ಆಗುತ್ತದೆಂದು ತಿಳಿಯಲು ಬೆಳೆಯ ಶಾಸ್ತ್ರ ಸಾಲದು, ಮನುಷ್ಯರ ಶಾಸ್ತ್ರ ಬೇಕು ಎಂಬುದು ಅವಳ ವಾದ.

ನಮ್ಮ ಓದುಗರಲ್ಲಿಯೂ ಮಕ್ಕಳನ್ನು ಕೃಷಿ ಪದವಿಗೆ ಕಳಿಸಿದ ಕುಟುಂಬಗಳು ಇವೆಯಾದ್ದರಿಂದ ಈ ವ್ಯಾಸಂಗದ ಸ್ವರೂಪವನ್ನು ಸ್ವಲ್ಪ ಹೇಳುವುದು ಅನುಚಿತವಾಗಲಾರದು. ಇದು ಎರಡು ವರ್ಷಗಳ, ಅಂದರೆ ನಾಲ್ಕು ಸೆಮಿಸ್ಟರುಗಳ ಅಧ್ಯಯನ. ಪ್ರವೇಶಕ್ಕೆ ವಿಶ್ವವಿದ್ಯಾಲಯದ್ದೇ ಒಂದು ದಾರಿಯುಂಟು, ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿಗಾಗಿ ನಡೆಯುವ ಅಖಿಲ ಭಾರತ ಪರೀಕ್ಷೆಯದು ಇನ್ನೊಂದು ದಾರಿ. ಮೊದಲ ವರ್ಷವೆಲ್ಲ ಪಾಠಗಳೇ: ಸಂವಹನ, ಗ್ರಾಮೀಣ ಸಮಾಜಶಾಸ್ತ್ರ, ಮನಃಶಾಸ್ತ್ರ, ಸಂಶೋಧನಾ ವಿಧಾನ, ಸಂಖ್ಯಾಶಾಸ್ತ್ರ. ಸಂಖ್ಯಾಶಾಸ್ತ್ರದಲ್ಲಿ ಇವಳು ಬಹಳ ತೊಳಲಿದಳು. ರಾತ್ರಿ ಹತ್ತಕ್ಕೆ ಫೋನು ಮಾಡಿ ಅತ್ತದ್ದೂ ಉಂಟು. ಆಮೇಲೆ ಮಾರ್ಗದರ್ಶಕ ಅಧ್ಯಾಪಕರೂ ಅವರೊಡನೆ ಇತರ ವಿಭಾಗಗಳವರೂ ಕೂಡಿದ ಒಂದು ಸಲಹಾ ಸಮಿತಿಯ ಎದುರಿಗೆ ಸಂಶೋಧನೆಯ ವಿಷಯವನ್ನು ಒಪ್ಪಿಸಿ, ಹಳ್ಳಿಗಳಿಗೆ ಹೋಗಿ, ರೈತರನ್ನು ಕಂಡು, ಪ್ರಬಂಧ ಬರೆಯಬೇಕು. ಇಷ್ಟಾದ ಮೇಲೆ ಮುಂದಿನ ದಾರಿಗಳು ಹಲವು. ಕೃಷಿ ಇಲಾಖೆಯ ಹುದ್ದೆಗಳಿಗೆ ಪದವಿಯೇ ಸಾಕಾದರೂ, ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ವಿಷಯ ತಜ್ಞರಾಗಲು ಸ್ನಾತಕೋತ್ತರ ಪದವಿ ಬೇಕೇ ಬೇಕು. ಇಂಥ ಕೇಂದ್ರಗಳಲ್ಲಿ ಮೊದಲನೆಯದು 1974ರಲ್ಲಿ ಪುದುಚೇರಿಯಲ್ಲಿ ಆರಂಭವಾಯಿತು. ಇಂದು ದೇಶದಲ್ಲಿ 700ಕ್ಕೂ ಹೆಚ್ಚು ಕೇಂದ್ರಗಳಿವೆ.

ಧಾರವಾಡಕ್ಕೆ ಹೋದಾಗಲೆಲ್ಲ ನಾವು ಎತ್ತಿನಗುಡ್ಡದ ಆ ಆವರಣಕ್ಕೆ ಹೋಗಿ ಅವಳನ್ನು ಕಂಡು ಬರುತ್ತಿದ್ದೆವು. ಅಲ್ಲಿ ಕೃಷಿ ಮಹಾವಿದ್ಯಾಲಯ ಆರಂಭವಾದದ್ದು 1947ರಲ್ಲಿ. ಅದು ವಿಶ್ವವಿದ್ಯಾಲಯವಾದದ್ದು 1986ರಲ್ಲಿ. ಮರದ ನೆರಳಿನ ಕಟ್ಟೆಯ ಮೇಲೆ ಕುಳಿತು ಅವಳು ತನ್ನ ಪಾಠಗಳ ಸಂಗತಿಯನ್ನು ಹೇಳುವಳು, ನಾವು ಕೇಳುವೆವು. ಪ್ರವಚನಕಾರನು ಶ್ರೋತೃವಾಗುವುದು ಸುಲಭದ ಸಾಧನೆಯಲ್ಲ. ಆರು ತಿಂಗಳು ಹಿಡಿಯಿತು.

ಹಾಗೆ ಕೇಳಿದವುಗಳಲ್ಲಿ ಒಂದು ಸಂಗತಿ ನಮ್ಮ ಮನಸ್ಸಿನಲ್ಲಿ ಕುಳಿತುಬಿಟ್ಟಿತು. ಅಮೆರಿಕದ ಅಯೋವಾ ಎಂಬ ರಾಜ್ಯವು ಮೆಕ್ಕೆಜೋಳದ ಸೀಮೆ. ಅಲ್ಲಿಯ ರೈತರು ಮೆಕ್ಕೆಜೋಳದ ಸಂಕರ ಬೀಜವನ್ನು ಹೇಗೆ ಒಪ್ಪಿಕೊಂಡರೆಂದು ರಾಯನ್ ಮತ್ತು ಗ್ರಾಸ್ ಎಂಬ ಇಬ್ಬರು ವಿದ್ವಾಂಸರು ವಿಚಾರಿಸಿ 1943ರಲ್ಲಿ ಪ್ರಕಟಿಸಿದರು. ಬೀಜದ ಸುದ್ದಿ ಹೆಚ್ಚಿನವರಿಗೆ ಮೊದಲು ತಿಳಿದದ್ದು ಮಾರಾಟಗಾರರಿಂದ. ಆದರೆ ಬಿತ್ತೋಣವೆಂಬ ಧೈರ್ಯ ಬಂದದ್ದು ನೆರೆಹೊರೆಯವರಿಂದ. ಅದೇ ರಾಜ್ಯದ ಒಕ್ಕಲು ಮಗನಾದ ಎವರೆಟ್ ರೋಜರ್ಸ್ ಎಂಬವನು 1962ರಲ್ಲಿ ಈ ವಿಷಯವನ್ನು ಕುರಿತು ದೊಡ್ಡ ಗ್ರಂಥವನ್ನೇ ಬರೆದನು. ಅವನ ತಂದೆಯೇ ಆ ಸಂಕರ ಬೀಜವನ್ನು ಬಹಳ ವರ್ಷ ಒಲ್ಲೆನೆಂದಿದ್ದನಂತೆ. 1936ರ ಬರಗಾಲದಲ್ಲಿ ನೆರೆಯವರ ಸಂಕರ ಬೆಳೆ ನಿಂತು ತಮ್ಮ ಬೆಳೆ ಬಾಡಿದಾಗ ಅವನ ಮನಸ್ಸು ತಿರುಗಿತಂತೆ. ತಂದೆಯ ಹೊಲದ ಒಂದು ಪ್ರಶ್ನೆಯನ್ನು ಹಿಡಿದು ಮಗನು ಶಾಸ್ತ್ರವನ್ನೇ ಕಟ್ಟಿದನೆಂದರೆ ಮೆಚ್ಚಬೇಕಾದುದೇ.

ಆದರೆ ಆ ಗ್ರಂಥದ ಒಂದು ವಿಭಾಗಕ್ರಮ ನಮಗೆ ಸಹ್ಯವಾಗಲಿಲ್ಲ. ಹೊಸದನ್ನು ಮೊಟ್ಟಮೊದಲು ಹಿಡಿಯುವವರು ನೂರಕ್ಕೆ ಎರಡೂವರೆ, ಅವರ ಹಿಂದಿನವರು ಹದಿಮೂರೂವರೆ, ಆಮೇಲೆ ಮೂವತ್ತನಾಲ್ಕು, ಮತ್ತೆ ಮೂವತ್ತನಾಲ್ಕು. ಕೊನೆಯ ಹದಿನಾರು ಮಂದಿಗೆ ಅವರು ಇಟ್ಟ ಹೆಸರಿನ ಅರ್ಥ 'ಹಿಂದೆ ಉಳಿಯುವವರು'. ಅದನ್ನು ಕೇಳಿದೊಡನೆ ನಮ್ಮ ಕಣ್ಣ ಮುಂದೆ ಅಣ್ಣನೇ ಬಂದು ನಿಂತನು. ಗ್ರಾಮಸೇವಕರು ಬಂದರೆ ಎದ್ದು ಹಿತ್ತಲಿಗೆ ಹೋಗುವವನು, ರೇಡಿಯೋದಲ್ಲಿ ಕೃಷಿಯ ಮಾತು ಬಂದರೆ ಕಿವಿ ತಿರುಪುವವನು. "ಹಂಗಾರ ನಿಮ್ಮಜ್ಜ ಆ ಹದಿನಾರರೊಳಗಿನವನೇನು?" ಎಂದು ಸ್ವಲ್ಪ ಬಿಸಿಯಾಗಿಯೇ ಕೇಳಿದೆವು. ಅವಳು, "ತಪ್ಪೆಲ್ಲ ರೈತನ ತಲೀಮ್ಯಾಲೆ ಹಾಕೋದು ಈ ಶಾಸ್ತ್ರದ ದೋಷ ಅಂತ ರೋಜರ್ಸರೇ ಆಮ್ಯಾಲೆ ಬರದಾರ, ಸಣ್ಣಜ್ಜ. ಅವ ಯಾಕ ಒಲ್ಲೆ ಅಂದಾ ಅಂತ ಅವನ್ನೇ ಕೇಳಬೇಕು" ಎಂದಳು.

ಅಣ್ಣನ ಸಂಗತಿಯನ್ನು ಇಲ್ಲಿ ಹೇಳಲೇಬೇಕು. ನಮಗಿಂತ ಅವನು ಹನ್ನೆರಡು ವರ್ಷ ಹಿರಿಯ. ತಂದೆ ಬೇಗನೆ ಲಿಂಗೈಕ್ಯರಾದುದರಿಂದ ಶಾಲೆಯ ಮೆಟ್ಟಿಲನ್ನೇ ಹತ್ತದೆ ನೇಗಿಲು ಹಿಡಿದನು. ನಾವು ಮಠದಲ್ಲಿ ಓದಲು ಸಾಧ್ಯವಾದದ್ದು ಅವನು ಹೊಲದಲ್ಲಿ ನಿಂತದ್ದರಿಂದ. ಆಗ ಮನೆಗೆ 8 ಎಕರೆ ಎರೆಹೊಲವಿತ್ತು. ಜಯಧರ ಹತ್ತಿ, ಬಿಳಿಜೋಳ, ಕಡಲೆ, ಬದುವಿನ ಸಾಲಿನಲ್ಲಿ ಕುಸುಬೆ. ಎಲ್ಲವೂ ಮಳೆಯ ಮೇಲಿನ ಬೇಸಾಯ, ಬಾವಿಯಿಲ್ಲ, ಕಾಲುವೆಯಿಲ್ಲ. 1976ರಲ್ಲಿ ಅವನು 5 ಎಕರೆಯಲ್ಲಿ ವರಲಕ್ಷ್ಮಿ ಹತ್ತಿಯನ್ನು ಹಾಕಿದನು. ಅದು 1972ರಲ್ಲಿ ಧಾರವಾಡದ ಸಂಶೋಧನಾ ಕೇಂದ್ರದಿಂದ ಹೊರಬಂದ ಹೆಸರಾಂತ ಸಂಕರ ತಳಿ. ಡಾ. ಬಿ. ಎಚ್. ಕಾತರಕಿಯವರು ಎರಡು ಬೇರೆ ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ಅದನ್ನು ಪಡೆದಿದ್ದರು. ಎಳೆ ಉದ್ದ, ಬೆಲೆ ಅಧಿಕ. ನೀರಿದ್ದವರು ಅದರಿಂದ ಮನೆ ಕಟ್ಟಿಸಿಕೊಂಡರು. ನಮ್ಮ ಮನೆಯಲ್ಲಿ ಮಾತ್ರ ಆ ವರ್ಷ ಬೀಜದ ಹಣ, ಗೊಬ್ಬರದ ಹಣ, ಔಷಧದ ಹಣವೆಲ್ಲ ಅಡತಿ ಅಂಗಡಿಯ ಸಾಲವಾಗಿ ಉಳಿಯಿತು. ಎರಡು ವರ್ಷದಲ್ಲಿ 3 ಎಕರೆ ಕೈಬಿಟ್ಟಿತು. ಮಳೆ ಕೈಕೊಟ್ಟಿತೆಂದು ಮನೆಯಲ್ಲಿ ಹೇಳಿದರು, ನಾವೂ ಅದನ್ನೇ ನಂಬಿದೆವು. ಅಣ್ಣನು ಆ ಹತ್ತಿಯ ಮಾತನ್ನು ಮತ್ತೆ ಎತ್ತಲಿಲ್ಲ.

2024ರ ಆರಂಭದಲ್ಲಿ ಮೊಮ್ಮಗಳು ಪ್ರಬಂಧದ ಕೆಲಸಕ್ಕೆ ತೊಡಗಿದಳು. ಮಳೆಯಾಶ್ರಿತ ರೈತರು ಹೆಸರು ಬೆಳೆಯ ಸುಧಾರಿತ ಕ್ರಮಗಳನ್ನು ಎಷ್ಟರಮಟ್ಟಿಗೆ ಅಳವಡಿಸಿಕೊಂಡಿದ್ದಾರೆ, ಬಿಟ್ಟವರು ಏಕೆ ಬಿಟ್ಟರು ಎಂಬುದು ವಿಷಯ. ಕೇಳಬೇಕಾದ ಪ್ರಶ್ನೆಗಳನ್ನೆಲ್ಲ ಮೊದಲೇ ಅಚ್ಚುಹಾಕಿಸಿ ಒಂದು ಪಟ್ಟಿ ಮಾಡುತ್ತಾರೆ. ಅದನ್ನು ಹಿಡಿದು ನೇರವಾಗಿ ಆಯ್ದ ಹಳ್ಳಿಗಳಿಗೆ ಹೋಗುವಂತಿಲ್ಲ. ಆ ಆಯ್ಕೆಗೆ ಸೇರದ ಬೇರೆ ಊರಿನ ಕೆಲವು ರೈತರಿಗೆ ಕೇಳಿ ನೋಡಿ, ಪ್ರಶ್ನೆ ಅರ್ಥವಾಗುತ್ತದೆಯೋ ಇಲ್ಲವೋ ಪರೀಕ್ಷಿಸಿ, ತಿದ್ದಿಕೊಂಡು ಹೋಗಬೇಕು. ಅದಕ್ಕೆ ಪೂರ್ವಪರೀಕ್ಷೆ ಎನ್ನುತ್ತಾರೆ. ನಮ್ಮ ಪ್ರವಚನಗಳಿಗೆ ಇಂಥ ನಿಯಮವೊಂದು ಇದ್ದಿದ್ದರೆ ಎಷ್ಟು ಮಾತು ಉಳಿಯುತ್ತಿತ್ತೋ! ಅವಳು ಪೂರ್ವಪರೀಕ್ಷೆಗೆ ನಮ್ಮೂರನ್ನೇ ಆರಿಸಿದಳು. ಮೊದಲ ದಿನ ಸಂಜೆ ತನ್ನ ಅಜ್ಜನ ಮುಂದೆಯೇ ಕುಳಿತಳು.

ಕಟ್ಟೆಯ ಮೇಲೆ ಅಣ್ಣ ಗೋಡೆಗೆ ಒರಗಿ ಕುಳಿತಿದ್ದನು. ಅವನಿಗಾಗ 79 ವರ್ಷ. ನಾವು ಪಕ್ಕದಲ್ಲಿ ತಂಬಿಗೆ ಇಟ್ಟುಕೊಂಡು ಕುಳಿತಿದ್ದೆವು. ಅವಳು ಅಪರಿಚಿತರನ್ನು ಕೇಳುವಂತೆ ಹೊಲ ಎಷ್ಟು, ಮಕ್ಕಳೆಷ್ಟು, ಓದು ಎಷ್ಟು ಎಂದು ಒಂದೊಂದಾಗಿ ಕೇಳಿದಳು. ಅಣ್ಣನಿಗೆ ಅದು ಆಟವಾಗಿ ಕಂಡಿತು. ಅವನೂ ಹಾಗೆಯೇ ಗಂಭೀರವಾಗಿ ಉತ್ತರ ಕೊಟ್ಟನು. ಆಮೇಲೆ, ಈ ಹಿಂದೆ ಹೊಸ ತಳಿಯನ್ನು ಬಿತ್ತಿ ನಷ್ಟ ಅನುಭವಿಸಿದ್ದುಂಟೇ ಎಂಬ ಪ್ರಶ್ನೆ ಬಂದಿತು.

ಅಣ್ಣ ಬಹಳ ಹೊತ್ತು ಸುಮ್ಮನಿದ್ದನು. ಅವಳು ಅವಸರಪಡಿಸಲಿಲ್ಲ, ಪೆನ್ನನ್ನು ಕೆಳಗಿಟ್ಟಳು. ಇದನ್ನೂ ಅಲ್ಲಿ ಕಲಿಸುತ್ತಾರೆಂದು ಕಾಣುತ್ತದೆ.

"ವರಲಕ್ಷ್ಮಿ ಹಾಕಿದ್ದೆ" ಎಂದನು ಅಣ್ಣ.

"ಆ ಬೀಜದ ಸಂಗತಿ ನಿಮಗ ಯಾರಿಂದ ತಿಳೀತ್ರಿ?" ಎಂದು ಅವಳು ತನ್ನ ಪಟ್ಟಿಯನ್ನು ಓದಿದಳು. ಗ್ರಾಮಸೇವಕರೇ, ರೇಡಿಯೋ, ಪತ್ರಿಕೆಯೇ, ನೆರೆಹೊಲದವರೇ, ಅಂಗಡಿಯವರೇ?

"ಒಂದು ಕಾಗದ ಕೊಟ್ಟಿದ್ರು. ನನಗ ಓದಾಕ ಬರೂದಿಲ್ಲ. ಮಠದಾಗ ಕಲಿತವರು ಒಬ್ಬರು ಊರಿಗೆ ಬಂದಿದ್ರು. ಅವರು ಓದಿ ಹೇಳಿದ್ರು."

ಅವನು ನಮ್ಮತ್ತ ನೋಡಲಿಲ್ಲ. ಬೀದಿಯ ಕಡೆಗೆ ನೋಡುತ್ತ ಹೇಳಿದನು.

ನಲವತ್ತೆಂಟು ವರ್ಷದ ಹಿಂದಿನ ಆ ಮಧ್ಯಾಹ್ನವು ನಮಗೆ ಒಂದೇ ಉಸಿರಿನಲ್ಲಿ ನೆನಪಾಯಿತು. ನಮಗಾಗ 19 ವರ್ಷ. ರಜೆಗೆ ಮನೆಗೆ ಬಂದಿದ್ದೆವು. ಅಣ್ಣನು ಮಡಿಚಿದ ಕರಪತ್ರವೊಂದನ್ನು ಅಂಗಿಯ ಕಿಸೆಯಿಂದ ತೆಗೆದು ಓದು ಎಂದು ಕೊಟ್ಟಿದ್ದನು. ಅದನ್ನು ನಾವು ಓದಿದ್ದಕ್ಕಿಂತ ವ್ಯಾಖ್ಯಾನ ಮಾಡಿದ್ದೇ ಹೆಚ್ಚು. ವರ ಎಂದರೆ ಶ್ರೇಷ್ಠ, ವರ ಎಂದರೆ ಅನುಗ್ರಹವೂ ಹೌದು, ಒಕ್ಕಲಿಗನ ಮನೆಗೆ ತಾನಾಗಿ ನಡೆದುಬರುವ ಲಕ್ಷ್ಮಿ ಇವಳು ಎಂದು ಪದವನ್ನು ಬಿಡಿಸಿ, ಸಮಾಸವನ್ನು ತೋರಿಸಿ, ಇಳುವರಿಯ ಅಂಕಿಗಳನ್ನು ಎರಡು ಸಲ ಓದಿದ್ದೆವು. ಅತ್ತಿಗೆಯವರು ಒಳಗಿನಿಂದ ಬಂದು ಬಾಗಿಲಲ್ಲಿ ನಿಂತು ಕೇಳಿದ್ದರು. ಕೆಳಗೆ ನೀರಾವರಿ, ಸಾಲಿನಿಂದ ಸಾಲಿಗೆ ಅಂತರ ಎಂದೇನೋ ಸಣ್ಣಕ್ಷರದಲ್ಲಿತ್ತು. ಅದರಲ್ಲಿ ರಸವಿರಲಿಲ್ಲ. ಅದನ್ನು ಓದಿದೆವೋ ಬಿಟ್ಟೆವೋ ಎಂಬುದು ಇಂದಿಗೂ ನೆನಪಾಗುತ್ತಿಲ್ಲ. ನೆನಪಾಗದಿರುವುದೇ ಉತ್ತರವೆಂದು ತೋರುತ್ತದೆ.

ಕರಪತ್ರ ಬರೆದವರು ತಪ್ಪು ಬರೆದಿರಲಿಲ್ಲ. ತಳಿಯನ್ನು ಕಂಡುಹಿಡಿದವರದೂ ತಪ್ಪಲ್ಲ. ಆ ಎರಡರ ನಡುವೆ ನಾವು ಕುಳಿತಿದ್ದೆವು.

"ನೀರು ಬೇಕು ಅಂತ ಗೊತ್ತಿರಲಿಲ್ಲೇನ್ರಿ?" ಎಂದು ಅವಳು ಕೇಳಿದಳು. ಓದಿ ಹೇಳಿದವರು ಯಾರೆಂಬುದು ಅವಳಿಗೆ ಇನ್ನೂ ಹೊಳೆದಿರಲಿಲ್ಲ.

"ಇಲ್ಲ. ಗೊತ್ತಾಗಿದ್ರ ಜಯಧರ ಬಿಡತಿದ್ನೇನು? ಅದು ಕಡಿಮಿ ಕೊಡತಿತ್ತು, ಖರೆ, ಮಳಿ ಇಲ್ಲದಿದ್ರೂ ಕೊಡತಿತ್ತು."

ಅವಳು ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿದಳು. ಅವಳು ಬರೆದುಕೊಂಡು ಬಂದಿದ್ದ ಮಾಹಿತಿಯ ಮೂಲಗಳಲ್ಲಿ ಓದಿ ಹೇಳುವವರಿಗೆ ಜಾಗವಿರಲಿಲ್ಲ. ಕೊನೆಯಲ್ಲಿ 'ಇತರೆ' ಎಂದಿದ್ದ ಕಡೆ ಬರೆಯಲು ಪೆನ್ನು ಎತ್ತಿ, "ಅವರು ನಿಮಗ ಏನಾಗಬೇಕ್ರಿ?" ಎಂದಳು.

"ಬರಕೊ" ಎಂದೆವು ನಾವು. "ತಮ್ಮ ಅಂತ ಬರಕೊ."

ಅವಳ ಪೆನ್ನು ನಿಂತಿತು. ಅಣ್ಣನು ಆಗ ನಮ್ಮ ಕಡೆ ತಿರುಗಿ, "ಸಣ್ಣ ಹುಡುಗ ಇದ್ದಿ, ಬಿಡು. ಭಾಳ ಚೆಂದ ಓದಿದ್ದಿ ನೋಡು" ಎಂದನು. ಅದರಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ತಾಳಬಹುದಾಗಿತ್ತು. ಇಷ್ಟು ವರ್ಷ ಏಕೆ ಹೇಳಲಿಲ್ಲವೆಂದು ರಾತ್ರಿ ಕೇಳಿದೆವು. ಹೇಳಿದ್ದರೆ ನಾವು ಓದು ಬಿಟ್ಟು ಬರುತ್ತಿದ್ದೆವೆಂದು ಅವನು ಹೆದರಿದ್ದನಂತೆ. 3 ಎಕರೆ ಹೋದದ್ದು ಹೋಗಿತ್ತು, ಓದೂ ಹೋಗುವುದು ಬೇಡವೆಂದು ಅತ್ತಿಗೆಯವರೂ ಅವನೂ ಮಾತಾಡಿಕೊಂಡು, ಮಳೆಯ ಹೆಸರು ಹೇಳಿದರಂತೆ. ಅತ್ತಿಗೆಯವರು ಈಗಿಲ್ಲ.

ಪೂರ್ವಪರೀಕ್ಷೆಯಿಂದ ಅವಳ ಪಟ್ಟಿಯಲ್ಲಿ ಎರಡು ಬದಲಾವಣೆಗಳಾದವು. 'ಓದಿ ಹೇಳಿದವರು ಯಾರು' ಎಂಬ ಪ್ರಶ್ನೆಯೊಂದು ಸೇರಿತು. ಹೊಸದನ್ನು ಏಕೆ ಬಿಟ್ಟಿರಿ ಎಂಬುದರ ಕೆಳಗೆ ತಾನೇ ಕೊಟ್ಟಿದ್ದ ಐದು ಕಾರಣಗಳನ್ನು ಅಳಿಸಿ, ರೈತನು ಹೇಳಿದ್ದನ್ನು ಅವನ ಮಾತಿನಲ್ಲಿಯೇ ಬರೆಯಲು ಅರ್ಧ ಪುಟ ಖಾಲಿ ಬಿಟ್ಟಳು. ಉತ್ತರಗಳನ್ನು ಎಣಿಸುವುದು ಅದರಿಂದ ಕಷ್ಟವಾಗುತ್ತದೆಂದು ಸಮಿತಿಯಲ್ಲಿ ಆಕ್ಷೇಪ ಬಂದಿತಂತೆ. ಮಾರ್ಗದರ್ಶಕರು ಒಪ್ಪಿದರಂತೆ. ಅದೇ ವರ್ಷದ ಕೊನೆಗೆ ಪ್ರಬಂಧ ಒಪ್ಪಿತವಾಗಿ ಪದವಿ ಬಂದಿತು. ಕೆಲಸಕ್ಕಾಗಿ ಅರ್ಜಿಗಳನ್ನು ಹಾಕಿದ್ದಾಳೆ. ಕೃಷಿ ವಿಜ್ಞಾನ ಕೇಂದ್ರವೊಂದರಲ್ಲಿ ತಾತ್ಕಾಲಿಕವಾಗಿ ದುಡಿಯುತ್ತಿದ್ದಾಳೆ. ಅವಳ ತಾಯಿ ನಮ್ಮೊಡನೆ ಮಾತಾಡುತ್ತಾಳೆ, ಆದರೆ ಮದುವೆಯ ಸುದ್ದಿ ಬಂದಾಗ ಈಗಲೂ ನಮ್ಮನ್ನೇ ನೋಡುತ್ತಾಳೆ.

ಈ ವರ್ಷದ ಮುಂಗಾರಿಗೆ ಮೊದಲು ಅವಳು ರಜೆಯ ಮೇಲೆ ಬಂದಾಗ ಒಂದು ಹಾಳೆ ತಂದಿದ್ದಳು. ಹೆಸರು ಬಿತ್ತುವವರಿಗೆಂದು ಅವಳೇ ಬರೆದ ಕರಪತ್ರದ ಕರಡು. "ಸಣ್ಣಜ್ಜ, ಇದನ್ನ ಅಜ್ಜಗ ಓದಿ ತೋರಸ್ರಿ, ನಾ ಸುಮ್ಮನ ಕುಂತು ಕೇಳತೀನಿ" ಎಂದಳು. ಕೈಯಲ್ಲಿ ಹಿಡಿದಾಗ ಹಾಳೆ ನಡುಗಿತು. ವಯಸ್ಸೂ ಇರಬಹುದು.

ಮೊದಲ ಸಾಲಿನಲ್ಲಿಯೇ ಬೀಜೋಪಚಾರ ಎಂಬ ಮಾತಿತ್ತು.

"ತಡಿ" ಎಂದನು ಅಣ್ಣ. "ಬೀಜಕ್ಕ ಉಪಚಾರ? ಅದಕ್ಕೇನು ಜಡ್ಡು ಬಂದೈತೇನು?"

ನಮ್ಮ ನಾಲಗೆಯ ತುದಿಗೆ ಸವರ್ಣದೀರ್ಘ, ಗುಣಸಂಧಿಗಳೆಲ್ಲ ಬಂದವು. ನುಂಗಿಕೊಂಡೆವು. ಅವಳು, ಬಿತ್ತುವ ಮುಂಚೆ ಬೆಲ್ಲದ ನೀರಿನ ಅಂಟಿನಲ್ಲಿ ರೈಜೋಬಿಯಂ ಪುಡಿಯನ್ನು ಕಲೆಸಿ ಬೀಜಕ್ಕೆ ಸವರಿ ನೆರಳಿನಲ್ಲಿ ಆರಿಸಬೇಕೆಂದು ವಿವರಿಸಿದಳು. "ಹಂಗ ಬರಿಯಲಾ" ಎಂದನು. ಅವಳು ಹಾಗೆಯೇ ಬರೆದಳು.

ಓದುತ್ತ ಹೋದೆವು. ಸಾಲಿನ ಅಂತರ, ಹಳದಿ ನಂಜುರೋಗ, ಕಳೆ, ಕೊಯ್ಲು. ಇಳುವರಿಯ ಅಂಕಿ ಬಂದಾಗ ಅಣ್ಣ ಕೈ ಎತ್ತಿದನು.

"ಅದಿರಲಿ. ಎಂಥಾ ಹೊಲಕ್ಕ ಅಂತ ಬರದಾಳೇನು?"

ಹುಡುಕಿದೆವು. ಕೊನೆಯಿಂದ ಮೂರನೆಯ ಸಾಲಿನಲ್ಲಿತ್ತು. ಎರಡು ಸಲ ಓದಿದೆವು, ನಿಧಾನವಾಗಿ. ಮೊಮ್ಮಗಳು ಹಾಳೆಯನ್ನು ನಮ್ಮ ಕೈಯಿಂದ ತೆಗೆದುಕೊಂಡು ಆ ಸಾಲಿನ ಸುತ್ತ ಗೆರೆ ಎಳೆದು, ಬಾಣದ ಗುರುತು ಹಾಕಿ ತಲೆಬರಹದ ಕೆಳಕ್ಕೆ ಒಯ್ದಳು. ಆಮೇಲೆ ಮತ್ತೆ ನಮ್ಮ ಕೈಗೆ ಕೊಟ್ಟಳು.

"ಹೂಂ, ಮತ್ತ ಮೊದಲಿಂದ ಓದು" ಎಂದನು ಅಣ್ಣ.